ಹಿಡಿ ಅಕ್ಕಿಯ ಬೆಟ್ಟಗಳು

ಬೈರಾಬಿ ದಾಟಿದ ಮೇಲೆ ರೈಲು ನೆಲದ ಸಹವಾಸವನ್ನೇ ಬಿಟ್ಟುಬಿಟ್ಟಿತು. ಸುರಂಗದಿಂದ ಹೊರಬಿದ್ದರೆ ಸೇತುವೆ, ಸೇತುವೆ ಮುಗಿದರೆ ಇನ್ನೊಂದು ಸುರಂಗ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಬೆಳಕು. ಬೆಳಕಿನಲ್ಲಿ ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆಲ್ಲೋ ಬಿದಿರು ಮೆಳೆಗಳ ನೆತ್ತಿ, ಅದರ ಮೇಲೆ ಹತ್ತಿ ಹರವಿದಂತೆ ಮಂಜು. ಸೈರಾಂಗ್ ಹತ್ತಿರದ ಒಂದು ಸೇತುವೆಯ ಕಂಬವಂತೂ ಕುತುಬ್ ಮಿನಾರಿಗಿಂತ ಎತ್ತರ. ಅದರ ಮೇಲೆ ಹೋಗುವಾಗ ಡಬ್ಬಿಯಲ್ಲಿದ್ದ ಮಿಜೋ ಹುಡುಗರೂ ಹಾಡು ನಿಲ್ಲಿಸಿ ಮೊಬೈಲ್ ಹಿಡಿದು ನಿಂತರು. 51 ಕಿ.ಮೀ. ಉದ್ದದ ಈ ದಾರಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಐಜಾಲಿಗೆ ಹೋಗುವವರು ವಿಮಾನ ಹಿಡಿಯಬೇಕಿತ್ತು, ಇಲ್ಲವೇ ಸಿಲ್ಚರಿನಿಂದ ಸುಮೋ ಹತ್ತಿ ಬೆಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಹೋಗಬೇಕಿತ್ತು.

ಸೈರಾಂಗಿನಲ್ಲಿ ಇಳಿದೊಡನೆ ನಾನು ಹುಡುಕಿದ್ದು ನದಿಯನ್ನು. ಹೆಸರು ತ್ಲಾಂಗ್. ಮಳೆಗಾಲ ಮುಗಿದು ಬಹಳ ದಿನವಾಗಿತ್ತು, ಹಸಿರು ನೀರು ಮೆಲ್ಲಗೆ ಹರಿಯುತ್ತಿತ್ತು. 1894ರ ಜನವರಿ 11ರಂದು ಇದೇ ನದಿಯಲ್ಲಿ ಸಿಲ್ಚರ್ ಕಡೆಯಿಂದ ದೋಣಿಯಲ್ಲಿ ಬಂದ ಇಬ್ಬರು ಇಂಗ್ಲಿಷರು ಇಲ್ಲಿ ಕಾಲಿಟ್ಟರು. ಒಬ್ಬ ಜೇಮ್ಸ್ ಹರ್ಬರ್ಟ್ ಲೊರೇನ್, ಇನ್ನೊಬ್ಬ ಫ್ರೆಡರಿಕ್ ವಿಲಿಯಂ ಸ್ಯಾವಿಜ್. ಆಗ ಮಿಜೋ ಭಾಷೆಗೆ ಲಿಪಿ ಇರಲಿಲ್ಲ. ಅವರು ರೋಮನ್ ಅಕ್ಷರಗಳನ್ನು ಹೊಂದಿಸಿ ಲಿಪಿ ಕಟ್ಟಿದರು, ಮಕ್ಕಳಿಗೆ ಓದಲು ಪುಸ್ತಕ ಮಾಡಿದರು, ಸುವಾರ್ತೆಯ ಭಾಗಗಳನ್ನು ಅನುವಾದಿಸಿದರು. ಜನವರಿ 11 ಇವತ್ತಿಗೂ ಮಿಜೋರಾಂನಲ್ಲಿ ಸರ್ಕಾರಿ ರಜೆ. ಇವರಿಬ್ಬರಿಗಿಂತ ಮೊದಲು ಬಂದೂಕು ಹಿಡಿದ ಬ್ರಿಟಿಷ್ ಪಡೆ ಈ ಬೆಟ್ಟಗಳಿಗೆ ಬಂದಿತ್ತು ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಮಂಗಳೂರಿನ ಬಲ್ಮಠದ ಬಾಸೆಲ್ ಮಿಶನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ನನಗೆ 1894 ಎಂದೊಡನೆ ನೆನಪಾಗುವುದು ಬೇರೊಂದು. ಅದೇ ವರ್ಷ ಮಂಗಳೂರಿನ ಮಿಶನ್ ಪ್ರೆಸ್ಸಿನಿಂದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂತು. ಅಲ್ಲಿ ಸಾವಿರ ವರ್ಷದ ಸಾಹಿತ್ಯವಿದ್ದ ಭಾಷೆಯ ಪದಗಳನ್ನೆಲ್ಲ ಒಬ್ಬ ಜರ್ಮನ್ ಪಾದ್ರಿ ಕೂಡಿಸಿ ಮುಗಿಸಿದ್ದ; ಇಲ್ಲಿ ಮೊದಲ ಅಕ್ಷರ ಇನ್ನೂ ಬರೆಯಬೇಕಿತ್ತು. ಲೊರೇನನೂ ಮುಂದೆ ಬೃಹತ್ ಮಿಜೋ ನಿಘಂಟು ಮಾಡಿದ. ಅದು ಅಚ್ಚಾಗುವ ಹೊತ್ತಿಗೆ 1940 ಆಗಿತ್ತು.

ಲೊರೇನ್, ಸ್ಯಾವಿಜ್ ಇಬ್ಬರನ್ನೂ ಕಳಿಸಿದವನ ಕಥೆ ಇನ್ನೂ ವಿಚಿತ್ರ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದ ರಾಬರ್ಟ್ ಆರ್ಥಿಂಗ್ಟನ್ ದೊಡ್ಡ ಆಸ್ತಿಯ ಒಡೆಯ. ಅಷ್ಟಿದ್ದೂ ಒಂದೇ ಕೋಣೆಯಲ್ಲಿ ಹಳೆಯ ಬಟ್ಟೆ ತೊಟ್ಟು, ಕಾಸಿಗೆ ಕಾಸು ಗಂಟು ಹಾಕಿ ಬದುಕಿದ. ಊರಿನವರು ಅವನನ್ನು ಜುಗ್ಗ ಎಂದೇ ಕರೆಯುತ್ತಿದ್ದರು. ಆ ಗಂಟೆಲ್ಲ ಹೋದದ್ದು ಮಿಶನ್ ಕೆಲಸಕ್ಕೆ. ಸುವಾರ್ತೆ ಕೇಳದ ಜನರಿರುವ ಕಡೆಗಳಿಗೆ ಆಳುಗಳನ್ನು ಕಳಿಸುವುದು, ಒಂದು ಕಡೆ ಕೆಲಸವಾದೊಡನೆ ಮುಂದಿನ ಊರಿಗೆ ನಡೆಸುವುದು ಅವನ ಹಟ. ಹಾಗಾಗಿಯೇ ನಾಲ್ಕು ವರ್ಷ ತುಂಬುವಷ್ಟರಲ್ಲಿ ಲೊರೇನ್, ಸ್ಯಾವಿಜ್ ಐಜಾಲು ಬಿಡಬೇಕಾಯಿತು. 1897ರಲ್ಲಿ ವೇಲ್ಸಿನ ಡಿ.ಇ. ಜೋನ್ಸ್ ಬಂದು ಕೆಲಸ ವಹಿಸಿಕೊಂಡರು. ಬಿಟ್ಟು ಹೋದ ಇಬ್ಬರಿಗೆ ಈ ಬೆಟ್ಟಗಳ ಹುಚ್ಚು ಬಿಡಲಿಲ್ಲ. 1903ರಲ್ಲಿ ಬ್ಯಾಪ್ಟಿಸ್ಟ್ ಮಿಶನ್ ಮೂಲಕ ದಕ್ಷಿಣದ ಲುಂಗ್ಲೇಗೆ ಮರಳಿ ಬಂದರು. ಒಬ್ಬ ಶ್ರೀಮಂತನ ದುಡ್ಡಿನಿಂದ ಆರಂಭವಾದ ಸಭೆ ಮುಂದೆ ಯಾರ ದುಡ್ಡಿನಿಂದ ಬೆಳೆಯಿತು ಎಂಬುದನ್ನು ನೋಡಲು ನಾನು ಹೊರಟದ್ದು.

ಐಜಾಲು ಕಣ್ಣಿಗೆ ಬಿದ್ದ ರೀತಿಯನ್ನು ಹೇಗೆ ಹೇಳಲಿ? ಬೆಟ್ಟದ ಏಣಿನ ಮೇಲೆ ಮನೆ, ಮನೆಯ ತಲೆಯ ಮೇಲೆ ಮನೆ, ಅದರ ಮೇಲೊಂದು ಚರ್ಚಿನ ಗೋಪುರ. ರಸ್ತೆಯ ಮಟ್ಟದಲ್ಲಿ ಬಾಗಿಲು ತೆರೆದು ಒಳಗೆ ಹೋದರೆ ಅದು ನಾಲ್ಕನೆಯ ಮಹಡಿ, ಉಳಿದ ಮೂರು ಮಹಡಿ ಕೆಳಗೆ ಇಳಿಜಾರಿಗೆ ಕಾಲೂರಿ ನಿಂತಿರುತ್ತವೆ. ವಾಹನಗಳು ಕಿಕ್ಕಿರಿದಿದ್ದರೂ ಹಾರ್ನ್ ಇಲ್ಲ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಸವೆಸಿದ ಕಿವಿಗೆ ಅದು ಮೊದಲು ಗೊತ್ತಾಗಲೇ ಇಲ್ಲ. ಏನೋ ಕೊರತೆ ಅನಿಸುತ್ತಿತ್ತು, ಅಷ್ಟೆ. ನನ್ನ ಹೆಂಡತಿಯೇ ಕಂಡುಹಿಡಿದು ಹೇಳಿದ್ದು: “ಯಾರೂ ಹಾರನ್ನೇ ಹಾಕ್ತಿಲ್ಲ ನೋಡಿ.” ಸ್ಕೂಟರಿನವರು ಎಡಕ್ಕೆ ಸಾಲಾಗಿ, ಕಾರಿನವರು ಅವರ ಬಲಕ್ಕೆ ಸಾಲಾಗಿ, ಎದುರಿನ ದಾರಿ ಖಾಲಿ ಇದ್ದರೂ ನುಗ್ಗದೆ ಕಾಯುತ್ತಾರೆ.

ನಾವು ಉಳಿದುಕೊಂಡದ್ದು ಒಂದು ಮನೆಯಲ್ಲಿ. ಹೆಂಡತಿ ನಿವೃತ್ತಿಯಾಗುವವರೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಕೈಕೆಳಗೆ ಕೆಲಸ ಕಲಿತ ಮಿಜೋ ಹುಡುಗಿಯೊಬ್ಬಳು ರಜೆಗೆ ಊರಿಗೆ ಹೊರಟಾಗ, “ಆಂಟಿ, ಅಂಕಲ್‌ನ ಕರ್ಕೊಂಡು ನಮ್ಮನೆಗೆ ಬನ್ನಿ” ಎಂದಿದ್ದಳು. ಕನ್ನಡ ಚೆನ್ನಾಗಿಯೇ ಆಡುತ್ತಾಳೆ, ವಾರ್ಡಿನಲ್ಲಿ ಕಲಿತ ಕನ್ನಡ. “ನೋವು ಎಲ್ಲಿದೆ, ಎಷ್ಟು ದಿನದಿಂದ” ಎಂಬ ಧಾಟಿಯಲ್ಲೇ ಎಲ್ಲವನ್ನೂ ಕೇಳುತ್ತಾಳೆ. ಅಪ್ಪ ಅವರ ಸಭೆಯ ಹಿರಿಯರು. ಅಮ್ಮನನ್ನು ಎಲ್ಲರೂ ಹೆಸರಿಗೆ ಮೊದಲು ‘ಪಿ’ ಸೇರಿಸಿ ಕರೆಯುತ್ತಾರೆ, ನಾವು ‘ಅಮ್ಮಾವ್ರೇ’ ಎನ್ನುವ ಹಾಗೆ.

ಮಿಜೋ ಮನೆಗಳಲ್ಲಿ ಊಟ ಎರಡು ಹೊತ್ತು, ಬೆಳಿಗ್ಗೆ ಬೇಗ ಒಮ್ಮೆ, ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಒಮ್ಮೆ. ಎರಡಕ್ಕೂ ಅನ್ನವೇ. ಸಂಜೆ ಅಡುಗೆಮನೆಯಲ್ಲಿ ಪಿ ಅಕ್ಕಿ ಅಳೆಯುವುದನ್ನು ನೋಡುತ್ತಾ ನಿಂತೆ. ಹಾಲಿನ ಪುಡಿಯ ಹಳೆಯ ಡಬ್ಬಿಯೇ ಸೇರು. ಮನೆಯಲ್ಲಿದ್ದವರು ಮೂವರು, ನೆಂಟರು ಇಬ್ಬರು, ತಲೆ ಎಣಿಸಿ ಪಾತ್ರೆಗೆ ಸುರಿದರು. ಸುರಿದಾದ ಮೇಲೆ ಬಲಗೈಯನ್ನು ಆ ಪಾತ್ರೆಗೆ ಹಾಕಿ ಒಂದು ಹಿಡಿ ಎತ್ತಿದರು. ಬೆರಳ ಸಂದಿನಿಂದ ನಾಲ್ಕು ಕಾಳು ಜಾರಿದವು. ಅವನ್ನೂ ಹೆಕ್ಕಿ ಸೇರಿಸಿಕೊಂಡು, ಒಲೆಯ ಪಕ್ಕದ ಶೆಲ್ಫಿನಲ್ಲಿದ್ದ ಮುಚ್ಚಳದ ಡಬ್ಬಕ್ಕೆ ಹಾಕಿದರು. ಆಮೇಲೆ ಅಕ್ಕಿ ತೊಳೆದರು. ಪ್ರಾರ್ಥನೆಗೆ ಕಣ್ಣು ಮುಚ್ಚಲಿಲ್ಲ, ಮಗಳ ಜೊತೆ ಆಡುತ್ತಿದ್ದ ಮಾತನ್ನೂ ನಿಲ್ಲಿಸಲಿಲ್ಲ. ಒಗ್ಗರಣೆಗೆ ಸಾಸಿವೆ ಹಾಕುವಷ್ಟು ಸಲೀಸಾಗಿ ಮುಗಿದುಹೋಯಿತು.

ಇದೇ ‘ಬುಹ್ಫಾಯ್ ಥಾಮ್’. ಅಂದರೆ ನಮ್ಮ ಹಿಡಿ ಅಕ್ಕಿಯೇ. 1910ರ ಸುಮಾರಿಗೆ ಇಲ್ಲಿನ ಸಭೆಯ ಹೆಂಗಸರು ಆರಂಭಿಸಿದ ರೂಢಿ. ಊರೂರಿಗೆ ನಡೆದು ಸುವಾರ್ತೆ ಹೇಳುವ ಹೆಂಗಸರಿಗೆ ಊಟಕ್ಕಾಗಲಿ ಎಂಬುದು ಮೊದಲ ಉದ್ದೇಶ. ಕೈಯಲ್ಲಿ ನಗದು ಓಡಾಡದ ಕಾಲ. ಗಂಡಸರ ಬಳಿಯೇ ದುಡ್ಡಿಲ್ಲದಾಗ ಹೆಂಗಸರ ಬಳಿ ಎಲ್ಲಿಂದ ಬರಬೇಕು? ಅವರ ಅಧಿಕಾರ ನಡೆಯುತ್ತಿದ್ದ ಜಾಗ ಒಂದೇ, ಅಕ್ಕಿ ಅಳೆಯುವ ಜಾಗ. ಅಲ್ಲಿಂದಲೇ ಕೊಟ್ಟರು. ಇಂದು ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆ ಭಾರತದ ಉದ್ದಗಲಕ್ಕೂ ಹೊರದೇಶಗಳಿಗೂ ಸೇವಕರನ್ನು ಕಳಿಸುತ್ತದೆ. ಬೋಧಕರನ್ನು ಕಳಿಸಿಕೊಟ್ಟಿದ್ದ ವೇಲ್ಸಿನಲ್ಲಿ ಚರ್ಚುಗಳ ಬೆಂಚು ಖಾಲಿಯಾದಾಗ ಅಲ್ಲಿಗೇ ಮಿಜೋ ಪಾದ್ರಿಗಳು ಹೋಗಿ ಕೆಲಸ ಮಾಡಿದ್ದಾರೆ. ಆ ಖರ್ಚಿನ ಒಂದು ಪಾಲು ಹೊರಡುವುದು ಇಂಥ ಡಬ್ಬಗಳಿಂದ.

ನನಗೆ ಸೋಜಿಗವಾದದ್ದು ಮೊತ್ತವಲ್ಲ, ಆ ಹಿಡಿ ಎಲ್ಲಿಂದ ಎತ್ತಿದ್ದು ಎಂಬುದು. ಮೂಟೆಯಿಂದ ಎತ್ತಿದ್ದರೆ ಅದು ದಾನ. ಅಳೆದು ಸುರಿದ ಪಾತ್ರೆಯಿಂದ ಎತ್ತಿದ್ದರಿಂದ ಆ ಹೊತ್ತಿನ ಅನ್ನ ಅಷ್ಟು ಕಮ್ಮಿಯಾಯಿತು. ಮನೆಯಲ್ಲಿ ಯಾರಿಗೋ, ಬಹುಶಃ ಕೊನೆಗೆ ಕೂರುವ ಅವರಿಗೇ, ಒಂದು ತುತ್ತು ಕಮ್ಮಿ. ಹೆಂಡತಿ ಕೇಳಿದಳು: “ಹಿಡಿ ಅಂದ್ರೆ ಯಾರ ಹಿಡಿ?” ಮಗಳು ಅಮ್ಮನಿಗೆ ದಾಟಿಸಿದಳು. ಅಡುಗೆ ಮಾಡುವವರದ್ದು ಎಂದು ಉತ್ತರ ಬಂತು. ತನ್ನ ತಮ್ಮ ಅಡುಗೆ ಮಾಡಿದ ದಿನ ದೇವರಿಗೆ ಲಾಭ, ಅವನ ಕೈ ದೊಡ್ಡದು ಎಂದು ಮಗಳು ತನ್ನ ಕಡೆಯಿಂದ ಸೇರಿಸಿದಳು.

ಶನಿವಾರ ಮಧ್ಯಾಹ್ನ ಆ ಬಡಾವಣೆಯ ಇಬ್ಬರು ಹೆಂಗಸರು ಚೀಲ, ಪುಸ್ತಕ ಹಿಡಿದು ಬಂದರು. ಡಬ್ಬ ಚೀಲಕ್ಕೆ ಸುರಿದು, ಬರೆದುಕೊಂಡು, ಕೆಂಪು ಚಹಾ ಕುಡಿದು, ನಮ್ಮನ್ನು ತಲೆಯಿಂದ ಕಾಲಿನವರೆಗೆ ನೋಡಿ ನಕ್ಕು, ಮೆಟ್ಟಿಲು ಇಳಿದು ಮುಂದಿನ ಮನೆಗೆ ಹೋದರು. ಹೀಗೆ ಕೂಡಿದ ಅಕ್ಕಿಯನ್ನು ಸಭೆ ಮಾರುತ್ತದೆ. ಕೊಳ್ಳುವವರೂ ಹೆಚ್ಚಾಗಿ ಸಭೆಯವರೇ. ನಾವು ಆ ರಾತ್ರಿ ಉಂಡದ್ದು ಹಾಗೆ ಕೊಂಡ ಅಕ್ಕಿಯ ಅನ್ನವಂತೆ. ತಟ್ಟೆಯಲ್ಲಿ ನೋಡಿದರೆ ಒಂದಗುಳು ಸಣ್ಣ, ಒಂದಗುಳು ದಪ್ಪ, ಮಧ್ಯೆ ಅಲ್ಲೊಂದು ಇಲ್ಲೊಂದು ಕೆಂಪು. ಒಂದು ಬೆಂದು ಕರಗಿದೆ, ಪಕ್ಕದ್ದು ಇನ್ನೂ ಹಲ್ಲಿಗೆ ಸಿಗುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕೆಂಬ ನಮ್ಮ ಗಾದೆ ಆ ಪಾತ್ರೆಯಲ್ಲಿ ನಡೆಯದು. ಹೊಗೆ ಹಾಕಿದ ಹಂದಿಮಾಂಸ, ಬೇಯಿಸಿದ ಸೊಪ್ಪಿನ ‘ಬಾಯ್’, ಕಿವಿಯಲ್ಲಿ ಹೊಗೆ ಬರಿಸುವ ಮೆಣಸಿನಕಾಯಿ ಚಟ್ನಿ. ಇಷ್ಟು ಮನೆಗಳ ಅನ್ನವನ್ನು ಒಂದೇ ತುತ್ತಿನಲ್ಲಿ ನಾನು ಹಿಂದೆಂದೂ ಉಂಡಿರಲಿಲ್ಲ.

ಈ ರೂಢಿ ಹುಟ್ಟಿದ ಹೊತ್ತನ್ನು ಸ್ವಲ್ಪ ಯೋಚಿಸಬೇಕು. ಮಿಜೋ ಬೆಟ್ಟಗಳಲ್ಲಿ ಒಂದು ಜಾತಿಯ ಬಿದಿರು ಸುಮಾರು 48 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಟ್ಟು, ಕಾಯಿ ಕಟ್ಟಿ ಸಾಯುತ್ತದೆ. ಆ ಕಾಯಿ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಕಾಯಿ ಮುಗಿದೊಡನೆ ಗದ್ದೆಗೆ ನುಗ್ಗಿ ಪೈರನ್ನು, ಮನೆಗೆ ನುಗ್ಗಿ ಕಣಜವನ್ನು ಖಾಲಿ ಮಾಡುತ್ತವೆ. ಇದಕ್ಕೆ ‘ಮೌತಾಮ್’ ಎನ್ನುತ್ತಾರೆ. 1911–12ರಲ್ಲಿ ಬಂದದ್ದು ಅಂಥದ್ದೇ ಒಂದು ಬರ. ಹಿಡಿ ಅಕ್ಕಿ ಎತ್ತಿಡುವ ಅಭ್ಯಾಸ ಕೈಗೆ ಕೂರುವ ಮೊದಲೇ ಅಕ್ಕಿಯೇ ಇಲ್ಲದ ಕಾಲ ಬಂತು. ಜನ ಕಾಡಿನ ಗೆಡ್ಡೆ ಅಗೆದು ತಿಂದರು. ಬೈಬಲಿನಲ್ಲಿ ಬರಗಾಲದಲ್ಲೂ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಮಾಡಿಕೊಟ್ಟು ಆಮೇಲೆ ತನಗೂ ಮಗನಿಗೂ ಸುಟ್ಟುಕೊಂಡ ಆ ವಿಧವೆಯ ಕಥೆಯನ್ನು ಭಾನುವಾರ ಶಾಲೆಯಲ್ಲಿ ನಾವು ಬಾಯಿಪಾಠ ಹೇಳಿದವರೇ. ಅವಳ ಮಡಕೆಯ ಹಿಟ್ಟು ತೀರಲಿಲ್ಲ ಎಂಬ ಭಾಗ ನಮಗೆ ಇಷ್ಟ. ಮಡಕೆಯಲ್ಲಿ ಒಂದೇ ಹಿಡಿ ಇದ್ದಾಗ ಅವಳ ಕೈ ಎಷ್ಟು ನಡುಗಿರಬೇಕೆಂದು ಯಾರೂ ಕೇಳಲಿಲ್ಲ. 1959ರ ಮೌತಾಮ್ ನಂತರದ ಅಸಮಾಧಾನ ದಂಗೆಯಾಗಿ, 1966ರ ಮಾರ್ಚಿನಲ್ಲಿ ಐಜಾಲಿನ ಮೇಲೆ ನಮ್ಮದೇ ವಾಯುಪಡೆಯ ವಿಮಾನಗಳು ದಾಳಿ ಮಾಡಿದವು. ಆ ದಿನಗಳ ಮಾತು ಬಂದಾಗ ಮನೆಯ ಹಿರಿಯರು ಸುಮ್ಮನಾದರು, ನಾನೂ ಕೆದಕಲಿಲ್ಲ.

ಊರ ದೊಡ್ಡವರು ಕೊಟ್ಟದ್ದಕ್ಕಿಂತ ಸಣ್ಣವರು ಕೂಡಿಸಿದ್ದು ಹೆಚ್ಚು ದೂರ ಹೋಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೂ ಸಾಕ್ಷಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಕೆಲಸ ಬೆಳೆದಂತೆ ಸಾಲವೂ ಬೆಳೆಯಿತು. 1850ರ ದಶಕದಲ್ಲಿ ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ನಾಣ್ಯ ಕೊಡುವ ಕ್ರಮ ಶುರುವಾಯಿತು. ಅಲ್ಲೂ ಮನೆ ಮನೆಗೆ ಹೋಗಿ ಎತ್ತುವವರು, ಅಲ್ಲೂ ಪುಸ್ತಕ. ಕಿಟ್ಟೆಲರು ಧಾರವಾಡದ ಕಡೆ ಕನ್ನಡ ಪದ ಹೆಕ್ಕುತ್ತಿದ್ದಾಗ ಅವರ ಬೆನ್ನಿಗೆ ನಿಂತ ಮಿಶನ್ನಿನ ಪೆಟ್ಟಿಗೆಯಲ್ಲಿ ಯಾವಳೋ ಮನೆಗೆಲಸದವಳ ಅರ್ಧ ಬಾಟ್ಸನ್ ಇದ್ದಿರಬೇಕು. ಕ್ರೈಸ್ತರ ಮಾತೇ ಆಗಬೇಕಿಲ್ಲ. ಮುಷ್ಟಿಭಿಕ್ಷೆ, ಜೋಳಿಗೆ ಎಂದರೆ ಉತ್ತರ ಕರ್ನಾಟಕದ ಮಠಗಳ ಸುತ್ತ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಭೆಗಳಲ್ಲಿ ಬೆಳೆ ಹಬ್ಬದ ಏಲಂ ಇದೆ. ಒಂದು ಕುಂಬಳಕಾಯಿ ಐದು ಸಲ ಏಲಂ ಆಗಿ, ಕೊಂಡವನು ಪ್ರತಿ ಸಲ ಮತ್ತೆ ಸಭೆಗೇ ಬಿಟ್ಟುಕೊಟ್ಟು, ಕೊನೆಗೆ ಅಯ್ಯನವರ ಮನೆಯ ಸಾಂಬಾರಿಗೆ ಸೇರುತ್ತದೆ. ಅದರಲ್ಲಿ ಗಮ್ಮತ್ತು ಹೆಚ್ಚು, ಸ್ವಲ್ಪ ಪ್ರತಿಷ್ಠೆಯೂ ಇದೆ. ವರ್ಷಕ್ಕೊಮ್ಮೆ ಬರುತ್ತದೆ, ಹೋಗುತ್ತದೆ. ದಿನಕ್ಕೆರಡು ಸಲ ಕೈ ಹಾಕುವ ಡಬ್ಬದ ಹತ್ತಿರ ಗಮ್ಮತ್ತೂ ಇಲ್ಲ, ನೋಡುವವರೂ ಇಲ್ಲ.

ಭಾನುವಾರ ಐಜಾಲು ಬಾಗಿಲು ಮುಚ್ಚಿಕೊಂಡು ಹಾಡುತ್ತದೆ. ಅಂಗಡಿಯಿಲ್ಲ, ಹೋಟೆಲಿಲ್ಲ, ರಸ್ತೆ ಖಾಲಿ. ಬೆಳಿಗ್ಗೆ ಭಾನುವಾರ ಶಾಲೆಗೆ ಮಕ್ಕಳಷ್ಟೇ ಅಲ್ಲ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಅಜ್ಜಂದಿರೂ ಬಗಲಲ್ಲಿ ಬೈಬಲ್ ಇಟ್ಟುಕೊಂಡು ಹೋಗುತ್ತಾರೆ. ಮಧ್ಯಾಹ್ನದ ಆರಾಧನೆಗೆ ನಾವೂ ಹೋದೆವು. ಪುಲ್ಪಿಟ್ಟಿನ ಹತ್ತಿರ ದೊಡ್ಡದೊಂದು, ಚಿಕ್ಕದೊಂದು ಡೋಲು. ಡೋಲಿನವ ಮೊದಲ ಪೆಟ್ಟು ಹಾಕಿದೊಡನೆ ಸಾವಿರ ಜನ ನಾಲ್ಕು ಸ್ವರಗಳಾಗಿ ಒಡೆದು ಹಾಡಿದರು. ಕೈಯಲ್ಲಿದ್ದ ಪುಸ್ತಕದಲ್ಲಿ ವೇಲ್ಸಿನವರು ಕಲಿಸಿದ ಸ್ವರಲಿಪಿ, ಎದೆಯಲ್ಲಿ ಬೆಟ್ಟದ ಡೋಲು. ಮಿಶನರಿಗಳು ಮೊದಮೊದಲು ಈ ಡೋಲನ್ನು ಚರ್ಚಿನೊಳಗೆ ಬಿಟ್ಟುಕೊಂಡಿರಲಿಲ್ಲ. ವೇಲ್ಸಿನಲ್ಲಿ ಎದ್ದ ಉಜ್ಜೀವನದ ಅಲೆ ಖಾಸಿ ಬೆಟ್ಟಗಳ ಮೂಲಕ 1906ರಲ್ಲಿ ಇಲ್ಲಿಗೆ ತಲುಪಿದ ಮೇಲೆ ಜನರ ಹಾಡು, ಕುಣಿತ ಒಂದೊಂದಾಗಿ ಒಳಗೆ ಬಂದವು. ಹಾಡಿನ ನಡುವೆ ಕೆಲವರು ಎದ್ದು ಮುಂದೆ ಹೋಗಿ ವೃತ್ತವಾಗಿ ಹೆಜ್ಜೆ ಹಾಕತೊಡಗಿದರು. ಬಲ್ಮಠದ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಬೆಳೆದ ನನ್ನ ಕಾಲು ಅಲುಗಾಡಲಿಲ್ಲ. ಹೆಂಡತಿಯ ಪಾದ ಮಾತ್ರ ಸೆರಗಿನ ಅಂಚಿನಲ್ಲಿ ತಾಳ ಹಾಕುತ್ತಿತ್ತು.

ಎಲ್ಲವೂ ಹೂವಿನ ಹಾದಿ ಅಂತ ಹೇಳಲಾರೆ. 2011ರ ಜನಗಣತಿಯ ಪ್ರಕಾರ ಇಲ್ಲಿ ನೂರಕ್ಕೆ 87 ಮಂದಿ ಕ್ರೈಸ್ತರು. ಎಲ್ಲರೂ ಒಂದೇ ಕಡೆ ನಡೆಯುವಾಗ ನಿಲ್ಲುವವನಿಗೆ ಜಾಗ ಕಮ್ಮಿ. ಮದ್ಯ ನಿಷೇಧದಂಥ ಸಂಗತಿಗಳಲ್ಲಿ ಸಭೆಯ ಮಾತು ಸರ್ಕಾರಕ್ಕೆ ಭಾರಿ. ಹಿಡಿ ಅಕ್ಕಿಯ ಪುಸ್ತಕದಲ್ಲಿ ಹೆಸರಿನ ಮುಂದೆ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದೆ. “ಏನೂ ಆಗಲ್ಲ ಅಂಕಲ್,” ಎಂದಳು ಮಗಳು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ” ಎಂದಳು. ಮುಲಾಜಿಗೆ ಎತ್ತಿಟ್ಟ ಹಿಡಿಯೂ ಆ ಚೀಲದಲ್ಲಿ ಇರಲೇಬೇಕು. ಬೇಯುವಾಗ ಅದು ಬೇರೆ ಕಾಣುವುದಿಲ್ಲ.

ಆದರೂ ಸೆಲಿಂಗ್ ಕಡೆಯ ಹೆದ್ದಾರಿಯಲ್ಲಿ ಕಂಡದ್ದನ್ನು ಮುಲಾಜು ಎನ್ನಲು ನನಗೆ ಮನಸ್ಸು ಬಾರದು. ರಸ್ತೆಬದಿಯ ಬಿದಿರಿನ ಗೂಡಂಗಡಿಗಳು. ಒಳಗೆ ಯಾರೂ ಇಲ್ಲ. ಕುಂಬಳದ ಹೋಳು, ಸಾಸಿವೆ ಸೊಪ್ಪಿನ ಕಟ್ಟು, ಬಾಳೆಗೊನೆ, ಬಾಟಲಿಯಲ್ಲಿ ಹಣ್ಣಿನ ರಸ. ರಟ್ಟಿನ ತುಂಡಿನ ಮೇಲೆ ಬೆಲೆ, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ, ಚಿಲ್ಲರೆ ತೆಗೆದುಕೊಳ್ಳಲು ಇನ್ನೊಂದು ಡಬ್ಬಿ. ಅಂಗಡಿಯವರು ಬೆಟ್ಟದ ಮೇಲೆ ಗದ್ದೆಯಲ್ಲಿದ್ದಾರೆ. ನಾನು ನೂರರ ನೋಟು ಹಾಕಿ ಚಿಲ್ಲರೆ ಎಣಿಸಿಕೊಳ್ಳುವಾಗ, ಯಾರೂ ನೋಡದಿದ್ದರೂ ಕೈ ಸ್ವಲ್ಪ ಹೆಚ್ಚೇ ಎತ್ತಿ ಹಿಡಿದೆ. ಕಾಡಿನ ಯಾವುದೋ ಮೂಲೆಯಿಂದ ಸಾಕ್ಷಿ ಇರಲಿ ಅಂತ.

ಹೊರಡುವ ಹಿಂದಿನ ರಾತ್ರಿ ಪಿಯವರನ್ನು ಒಂದು ಮಾತು ಕೇಳಿದೆ. ನಮ್ಮಲ್ಲಿ ದೇವರ ಕರೆ ಎಂದರೆ ಮನೆಗೊಬ್ಬನಿಗೆ ಬರುವುದು. ಬಂದವನು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೆ ಸೇರಿ ಪಾದ್ರಿಯಾಗುತ್ತಾನೆ, ಉಳಿದವರು ಪೆನ್ಷನ್ ಬರುವ ಕೆಲಸ ಹುಡುಕುತ್ತೇವೆ. ನಿಮಗೆ ಕರೆ ಬಂದಿತ್ತೇ ಎಂದು ಕೇಳಿದೆ. ಮಗಳು ಬಹಳ ಹೊತ್ತು ವಿವರಿಸಿದಳು. ಅಮ್ಮ ಇಪ್ಪತ್ತರ ಹರೆಯದಲ್ಲಿ ತ್ರಿಪುರಾದ ಮಿಶನ್ ಶಾಲೆಗೆ ಟೀಚರಾಗಿ ಹೋಗಬೇಕೆಂದಿದ್ದರಂತೆ. ಅಪ್ಪ ಕಳಿಸಲಿಲ್ಲ, ಮದುವೆ ಮಾಡಿದರು. ಹಾಗಾದರೆ ಬೇಸರವಿಲ್ಲವೇ? ಪಿ ನಕ್ಕು ಏನೋ ಹೇಳಿದರು. “ಎಲ್ಲರೂ ಹೋದ್ರೆ ಹೋದವರಿಗೆ ಊಟ ಯಾರು ಕಳಿಸ್ತಾರೆ, ಅಂತಾರೆ ಅಮ್ಮ.” ಆಮೇಲೆ ಅವರು ನನ್ನನ್ನೇ ಕೇಳಿದರು: ನಿಮ್ಮ ಸಭೆಯಿಂದ ಯಾರು, ಎಲ್ಲಿಗೆ ಹೋಗಿದ್ದಾರೆ? ಅವರ ಹೆಸರು ಹೇಳಿ, ನಾವು ಪ್ರಾರ್ಥನೆ ಮಾಡುತ್ತೇವೆ. ನಾನು ಹೆಂಡತಿಯ ಮುಖ ನೋಡಿದೆ. ಅವಳಿಗೆ ಒಂದು ಹೆಸರು ಗೊತ್ತಿತ್ತು, ನನಗೆ ಅದೂ ಗೊತ್ತಿರಲಿಲ್ಲ.

ಬೆಂಗಳೂರಿಗೆ ಮರಳುವಾಗ ಮಗಳೂ ಜೊತೆಗೇ ಬಂದಳು. ರೈಲಿನಲ್ಲಿ ಹೆಂಡತಿಗೆ ಒಂದು ಅನುಮಾನ ಬಂತು: ಪಿ.ಜಿ.ಯಲ್ಲಿರುವ ಹುಡುಗಿ, ಮೆಸ್ಸಿನ ಊಟ, ಅಡುಗೆಯೇ ಇಲ್ಲ. ಹಿಡಿ ಅಕ್ಕಿ ಎಲ್ಲಿಂದ ಎತ್ತಿಡುತ್ತಾಳೆ? ಅವಳು ಮೊಬೈಲ್ ತೆಗೆದು ತೋರಿಸಿದಳು. ರೂಮಿನ ನಾಲ್ಕು ಮಿಜೋ ಹುಡುಗಿಯರ ಒಂದು ವಾಟ್ಸಾಪ್ ಗುಂಪು. ಊಟಕ್ಕಿಷ್ಟು ಎಂದು ಹಾಕಿಟ್ಟು ತಿಂಗಳ ಕೊನೆಗೆ ಊರಿಗೆ ಫೋನ್‌ಪೇ ಮಾಡುತ್ತಾರೆ. ಗುಂಪಿನಲ್ಲಿ ಒಂದು ವಾದ ಮೂರು ವಾರದಿಂದ ಮುಗಿದಿಲ್ಲವಂತೆ: ಮೆಸ್ಸಿನಲ್ಲಿ ಚಪಾತಿ ಕೊಡುವ ರಾತ್ರಿಗೂ ಲೆಕ್ಕ ಹಾಕಬೇಕೋ ಬೇಡವೋ.

“ಹಾಕ್ಬೇಕು,” ಎಂದಳು ನನ್ನ ಹೆಂಡತಿ, ಹಳೆಯ ಹೆಡ್ ನರ್ಸಿನ ದನಿಯಲ್ಲಿ. “ತಿಂದ್ಯಲ್ಲ?”